ನೋರಿಯಾ-ಮಾಚಿಗೆ ಒಂದು ಮೊಹರು ಕಡಿಮೆ

ಕನಾಜಾವಾ
ಮಾರ್ಚ್ ೯, ೨೦೧೯, ಶನಿವಾರ ಬೆಳಿಗ್ಗೆ

ಪ್ರೀತಿಯ ಫುಸಾ ಅಕ್ಕಾ,

ನಿನ್ನ ಮಂಡಿ ಹೇಗಿದೆ? ಎಡಗಡೆಯದು ಸರಿಹೋಯಿತು ಎನ್ನುವಷ್ಟರಲ್ಲಿ ಬಲಗಡೆಯದು ಶುರುವಾಯಿತೆಂದು ಹೊಸ ವರ್ಷದ ಕಾರ್ಡಿನಲ್ಲಿ ಬರೆದಿದ್ದೆ. ಒತಾರುವಿನಲ್ಲಿ ಹಿಮ ಇನ್ನೂ ಕಿಟಕಿಯ ಮಟ್ಟಕ್ಕೆ ನಿಂತಿರುವುದನ್ನು ಟೀವಿಯಲ್ಲಿ ನೋಡಿದೆ. ದಯವಿಟ್ಟು ನೀನು ಸಲಿಕೆ ಹಿಡಿಯಬೇಡ. ಮಗನಿಗೆ ಹೇಳು. ಅವನಿಗೆ ಐವತ್ತಾರು ಆಗಿರಬಹುದು, ಆದರೂ ತಾಯಿಯ ಮುಂದೆ ಸಲಿಕೆ ಹಿಡಿಯುವ ವಯಸ್ಸೇ. ನೀನು ಕಳಿಸಿದ ಒಣ ನಿಶಿನ್ ಮೀನು ಬಂದು ತಲುಪಿತು. ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿ, ಕಡಲಸೊಪ್ಪಿನಲ್ಲಿ ಸುತ್ತಿ ಬೇಯಿಸಿದೆ. ಅಮ್ಮ ಮಾಡುತ್ತಿದ್ದ ಹಾಗೆ ಬರಲಿಲ್ಲ, ನನ್ನಾಕೆ ಕಿನುಯೆ ಮಾಡುತ್ತಿದ್ದ ಹಾಗೂ ಬರಲಿಲ್ಲ. ಆದರೆ ತಿನ್ನಬಹುದಾಗಿತ್ತು, ಮೂರು ದಿನ ತಿಂದೆ. ನಾನು ಚೆನ್ನಾಗಿದ್ದೇನೆ. ಸಕ್ಕರೆ ಸ್ವಲ್ಪ ಜಾಸ್ತಿ ಎಂದು ಡಾಕ್ಟರು ಗೊಣಗಿದರು. ಗೊಣಗುವುದು ಅವರ ಕೆಲಸ.

ಈಗ ಸುದ್ದಿ. ಕೊನೆಯಲ್ಲಿ ಹೇಳಿ ನಿನ್ನನ್ನು ಕಾಯಿಸುವುದಿಲ್ಲ. ಆಯಿತು ಅಕ್ಕಾ. ನಮ್ಮ ಹಳೆಯ ಹೆಸರು ವಾಪಸು ಬರುತ್ತಿದೆ. ಐವತ್ತೆರಡು ಮನೆಗಳ ಹೆಸರಿನ ಮೊಹರೂ ಸಹಿಯಾಗಿ ಬಿದ್ದ ಒಪ್ಪಿಗೆ ಪತ್ರವನ್ನು ನಿನ್ನೆ ಶುಕ್ರವಾರ ನಗರಸಭೆಗೆ ಕೊಟ್ಟು ಬಂದೆವು. ಎಲ್ಲ ನೆಟ್ಟಗೆ ನಡೆದರೆ ಬರುವ ನವೆಂಬರಿನಿಂದ ಈ ಬೀದಿ ಮತ್ತೆ ನೋರಿಯಾ-ಮಾಚಿ, ನಮ್ಮ ಅಂಟಿನ ಪೇಟೆ. ಇದನ್ನು ಬರೆಯುವಾಗ ಎದೆಯ ಮೇಲಿಂದ ಒದ್ದೆ ಹಾಸಿಗೆ ತೆಗೆದಿಟ್ಟಂತಿದೆ. ಏಕೆಂದರೆ ಫೆಬ್ರವರಿ ಹದಿನೆಂಟಕ್ಕೇ ಐವತ್ತೊಂದು ಮೊಹರು ಬಿದ್ದಾಗಿತ್ತು. ಅಲ್ಲಿಂದ ಹದಿನೇಳು ದಿನ ಆ ಕಾಗದವನ್ನು ತಡೆದಿಟ್ಟವನು ನಾನೇ. ಹೌದು, ನಿನ್ನ ತಮ್ಮ. ಬೈಯುವುದಾದರೆ ಪೂರ್ತಿ ಓದಿ ಬೈಯಿ.

ಈ ವರ್ಷ ನಮ್ಮ ಸಾಲಿನ ಕಾರ್ಯದರ್ಶಿ ಸರದಿ ನನ್ನದು. ಆದ್ದರಿಂದ ಪಟ್ಟಿಯಲ್ಲಿ ಕೊನೆಯ ಮನೆ ನಮ್ಮದು. ಇದಕ್ಕೆಲ್ಲ ಮುಂದಾಳು ಶೂಹೇ ಎಂಬ ನಲವತ್ತು ದಾಟಿದ ಮನುಷ್ಯ. ನಾಗೋಯಾದವನು. ಏಳು ವರ್ಷದ ಹಿಂದೆ ಬಂದು ನಮ್ಮ ಅಂಟಿನ ಕೋಠಿಯನ್ನು ಬಾಡಿಗೆಗೆ ಹಿಡಿದು ಕಾಫಿ ಅಂಗಡಿ ಇಟ್ಟಿದ್ದಾನೆ. ಅಪ್ಪ ಅಕ್ಕಿಹಿಟ್ಟಿನ ಹಬೆಯಲ್ಲಿ ಕೆಮ್ಮುತ್ತ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಹುಡುಗಿಯರು ಬಾಡಿಗೆ ಕಿಮೋನೋ ಉಟ್ಟುಕೊಂಡು ಕಾಫಿಯ ನೊರೆಯ ಫೋಟೋ ತೆಗೆಯುತ್ತಾರೆ. ಗೋಡೆಯಲ್ಲಿ ಇಂದಿಗೂ ತೌಡಿನ ವಾಸನೆ ಇದೆ. ಅವನು ಅದನ್ನು ತೊಳೆಸಲಿಲ್ಲ, ಅದಕ್ಕೇ ನನಗೆ ಇಷ್ಟವಾದ. ಅರ್ಜಿಯ ಜೊತೆ ಪೇಟೆಯ ಚರಿತ್ರೆ ಎರಡು ಪುಟ ಬೇಕಂತೆ. "ತೈಜೋ-ಸಾನ್, ಈ ಬೀದೀಲಿ ಹುಟ್ಟಿ ಕಾಲೇಜ್ ಮೆಟ್ಲು ಹತ್ತಿದೋರು ನೀವೊಬ್ರೇ, ನೀವೇ ಬರೀಬೇಕು" ಎಂದು ಬೆಣ್ಣೆ ಹಚ್ಚಿದ. ಎರಡು ವರ್ಷ ಇಂಗ್ಲಿಷ್ ಓದಿ, ಅಪ್ಪ ತೀರಿಕೊಂಡ ಮೇಲೆ ಬಿಟ್ಟು ಬಂದು ನಲವತ್ತೇಳು ವರ್ಷ ಅಂಟು ಕಲಸಿದವನಿಗೆ ಕಾಲೇಜಿನವನು ಎಂಬ ಹೆಸರು ಮಾತ್ರ ಉಳಿದಿದೆ. ಆದರೂ ಉಬ್ಬಿಹೋಗಿ ಹನ್ನೊಂದು ಪುಟ ಬರೆದೆ. ಅವನು ಒಂಬತ್ತು ಪುಟ ಹೊಡೆದುಹಾಕಿದ.

ಹೊಡೆದುಹಾಕಿದ್ದರಲ್ಲಿ ಒಳ್ಳೆಯ ಮಾತುಗಳೇ ಇದ್ದವು, ನಿನಗಾದರೂ ಹೇಳುತ್ತೇನೆ. ಕೋಟೆಯ ದೊರೆಗಳ ಕಾಲದಲ್ಲಿ ಬಟ್ಟೆಗೆ ಬಣ್ಣ ಹಾಕುವವರು ಆಸಾನೋ ನದಿಯ ದಂಡೆಯಲ್ಲಿದ್ದರು. ಚಿತ್ರದ ಗೆರೆಯ ಮೇಲೆ ಹಚ್ಚುವ ಅಕ್ಕಿಯಂಟು ಒಂದೆರಡು ದಿನ ಇಟ್ಟರೆ ಹುಳಿಯುತ್ತದೆ, ಹಾಗಾಗಿ ಅಂಟು ಬೇಯಿಸುವವರು ಅವರ ಬೆನ್ನಿಗೇ ಮನೆ ಕಟ್ಟಿಕೊಂಡರು. ಅಂಟಿನವರು ಒಂದು ಸಾಲು, ಕೂದಲು ಬೇಯಿಸಿ ಕುಂಚ ಕಟ್ಟುವವರು ಎದುರು ಸಾಲು. ಬೆಳಗಾದರೆ ಎರಡೂ ಕಡೆಯ ಬಾಗಿಲಿಂದ ಹಬೆ ಹೊರಟು ಬೀದಿಯ ಮಧ್ಯೆ ಸೇರಿಕೊಳ್ಳುತ್ತಿತ್ತು. ಎದುರು ಮನೆಯವರ ಮುಖ ಕಾಣದೆ ದನಿಯಲ್ಲೇ ಗುರುತಿಸುತ್ತಿದ್ದೆವಲ್ಲ, ನಿನಗೆ ನೆನಪಿರಬೇಕು. ಯುದ್ಧದಲ್ಲಿ ಈ ಊರಿಗೆ ಬಾಂಬು ಬೀಳಲಿಲ್ಲ. ನಮ್ಮ ಪೇಟೆಯ ಮೇಲೆ ಬಿದ್ದದ್ದು ಒಂದೇ, ೧೯೬೫ರ ಹೊಸ ವಿಳಾಸದ ನಕ್ಷೆ. ನೀನು ಮದುವೆಯಾಗಿ ಒತಾರುವಿಗೆ ಹೋಗಿ ನಾಲ್ಕು ವರ್ಷವಾಗಿತ್ತು, ಅದನ್ನು ನೀನು ಕಣ್ಣಾರೆ ನೋಡಲಿಲ್ಲ.

ನಕ್ಷೆ ಬರೆದವರದು ಕೆಟ್ಟ ಮನಸ್ಸೇನಲ್ಲ, ಅಂಚೆಯವರಿಗೆ ಸುಲಭವಾಗಲಿ ಎಂದು ಮಾಡಿದರು. ಆದರೆ ಅವರಿಗೆ ರಸ್ತೆಯೆಂದರೆ ಗೆರೆ, ನಮಗೆ ರಸ್ತೆಯೆಂದರೆ ಪೇಟೆಯ ನಡುಮನೆ. ನಡುಮನೆಯ ಮಧ್ಯೆ ಗೆರೆ ಎಳೆದರು. ನಮ್ಮ ಸಾಲು 'ವಾಕಾಬಾ ಎರಡನೆಯ ವಿಭಾಗ' ಆಯಿತು, ಎದುರು ಸಾಲು 'ಸಕಾಯೆ ಒಂದನೆಯ ವಿಭಾಗ'. ಎರಡು ಹೆಸರು, ಎರಡು ಸಂಘ, ಕಸ ಒಯ್ಯುವ ದಿನವೂ ಬೇರೆ ಬೇರೆ. ಹಬ್ಬದ ಸಿಂಹದ ತಲೆ ನಮ್ಮ ಸಾಲಿಗೆ ಬಂತು, ಅದರ ಮೈಯ ಬಟ್ಟೆ ಅವರ ಸಾಲಿಗೆ ಹೋಯಿತು. ತಲೆ ಕೊಡಿ ಎಂದು ಅವರು, ಮೈ ಕೊಡಿ ಎಂದು ನಾವು. ಸಿಂಹ ಕುಣಿಯುವುದೇ ನಿಂತಿತು. ಚಳಿಗಾಲದಲ್ಲಿ ಇನ್ನೂ ನಗೆಪಾಟಲು. ನಾವು ನಮ್ಮ ಅರ್ಧ ರಸ್ತೆಯ ಹಿಮ ಕೆರೆದು ನಡುಗೆರೆಯಾಚೆ ತಳ್ಳುವುದು, ಅವರು ಅವರ ಅರ್ಧ ಕೆರೆದು ಈಚೆ ತಳ್ಳುವುದು. ಸಂಜೆಯ ಹೊತ್ತಿಗೆ ರಸ್ತೆಯ ಮಧ್ಯೆ ಎದೆಯೆತ್ತರದ ಹಿಮದ ಗೋಡೆ. ಆರು ಚಳಿಗಾಲ ಹೀಗೆ ಕಳೆಯಿತು. ಆಮೇಲೆ ಒಂದು ಭಾನುವಾರ ಎರಡೂ ಕಡೆಯವರು ಒಟ್ಟಿಗೆ ಸಲಿಕೆ ಹಿಡಿದು ಬಂದರು, ಗೋಡೆ ಹೋಯಿತು. ಯಾಕೆ ಬಂದರೆಂದು ನಾನು ಯಾರನ್ನೂ ಕೇಳಲಿಲ್ಲ. ಬುದ್ಧಿ ಬಂದಿರಬೇಕು ಎಂದುಕೊಂಡೆ.

ಈಗ ಇಲ್ಲಿ ಅಂಟು ಬೇಯಿಸುವವರು ಯಾರೂ ಇಲ್ಲ, ಕೊನೆಯ ಒಲೆ ನನ್ನದೇ, ಎಂಟು ವರ್ಷದ ಹಿಂದೆ ಆರಿಸಿದೆ. ಒಂಬತ್ತು ಮನೆ ಖಾಲಿ, ಒಡೆಯರು ಬೇರೆ ಊರಿನಿಂದಲೇ ಮೊಹರು ಒತ್ತಿ ಕಳಿಸಿದರು. ಮೂರು ಮನೆ ಪ್ರವಾಸಿಗರ ವಸತಿಗೃಹವಾಗಿವೆ. ಬೆಳಿಗ್ಗೆ ಅವರ ಪೆಟ್ಟಿಗೆಯ ಚಕ್ರಗಳು ಕಲ್ಲಿನ ಮೇಲೆ ಗಡಗಡ ಎನ್ನುತ್ತವೆ. ಒಬ್ಬ ಹಲ್ಲಿನ ಡಾಕ್ಟರು, ಚಿನ್ನದ ರೇಕು ಅಂಟಿಸಿದ ಐಸ್‌ಕ್ರೀಮಿನ ಅಂಗಡಿ ಒಂದು. ಹಾಳಾಯಿತು ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಹೊಸಬರಿಗೇ ಹಳೆಯ ಹೆಸರಿನ ಹಸಿವು ಹೆಚ್ಚು. ಹಲ್ಲಿನ ಡಾಕ್ಟರು ಮೊದಲ ದಿನವೇ ಮೊಹರು ಒತ್ತಿದರು. ನಮ್ಮಂತೆಯೇ ಹೆಸರು ಕಳೆದುಕೊಂಡ ನದಿಯಾಚೆಯ ಪೇಟೆಗೆ ಇಪ್ಪತ್ತು ವರ್ಷದ ಹಿಂದೆಯೇ ಹೆಸರು ಮರಳಿತು, ಇನ್ನು ಕೆಲವಕ್ಕೆ ಆಮೇಲೆ ಮರಳಿತು. ಎಲ್ಲ ಮನೆಯವರೂ ಒಪ್ಪಿದರೆ ಮಾತ್ರ ಕೆಲಸ ಸಲೀಸು. ಕಾಲೇಜಿನಲ್ಲಿ ಇದಕ್ಕೊಂದು ಇಂಗ್ಲಿಷ್ ಮಾತು ಕಲಿಸಿದ್ದರು, ಯೂನಾನಿಮಸ್ಸೋ ಅನಾನಿಮಸ್ಸೋ. ಒಂದರ ಅರ್ಥ ಎಲ್ಲರೂ ಒಪ್ಪಿದ್ದು, ಇನ್ನೊಂದರದು ಹೆಸರಿಲ್ಲದ್ದು. ಯಾವುದು ಯಾವುದೆಂದು ಈಗ ಮರೆತಿದ್ದೇನೆ, ನಿಘಂಟು ಅಟ್ಟದ ಮೇಲಿದೆ, ಏಣಿ ಹತ್ತಬಾರದೆಂದು ಡಾಕ್ಟರ ಆಜ್ಞೆ.

ಹಾಗಾದರೆ ನಿನಗೇನು ರೋಗ ಬಂದಿತ್ತು, ಮೊಹರು ಒತ್ತದೆ ಕೂತೆ ಎನ್ನುತ್ತೀಯ. ಹೇಳುತ್ತೇನೆ.

ನೀನು ಹೋದಾಗಿನಿಂದ ನಿನ್ನೆ ಮೊನ್ನೆಯವರೆಗೆ ಒಂದೇ ಒಂದು ಲಕೋಟೆಯ ಮೇಲೂ ವಾಕಾಬಾ ಎಂದು ಬರೆದವಳಲ್ಲ. 'ಕನಾಜಾವಾ, ನೋರಿಯಾ-ಮಾಚಿ, ನೂಕಾಯಾ ಮನೆ' ಅಷ್ಟೆ. ಮನೆ ನಂಬರೂ ಇಲ್ಲ. ಅಂಚೆಯವರು ಬದಲಾದರೂ ಕಾಗದ ಬರುವುದು ನಿಲ್ಲಲಿಲ್ಲ. ನನಗೆ ಅದು ತಮಾಷೆಯಾಗಿತ್ತು, ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು. ಕಿನುಯೆಗೆ ಹಾಗಲ್ಲ. ಅವಳು ನೋತೋ ಕಡಲಿನ ಮೀನುಗಾರರ ಹಳ್ಳಿಯವಳು, ೧೯೭೧ರಲ್ಲಿ ಬಂದವಳು. ಅವಳು ಮದುವೆಯಾಗಿ ಬಂದು ಸೇರಿದ ಊರಿನ ಹೆಸರು ವಾಕಾಬಾ. ನಿನ್ನ ಲಕೋಟೆ ಬಂದಾಗಲೆಲ್ಲ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮುಂದಿಡುತ್ತಿದ್ದಳು. "ನಿಮ್ಮಕ್ಕ ಬರ್ದಿದಾರೆ. ಇಲ್ದೇ ಇರೋ ಊರಿಗೆ" ಎನ್ನುತ್ತಿದ್ದಳು. ಒಂದು ಸಲ ಮಾತ್ರ, "ಆ ಊರಲ್ಲಿ ನಾನಿಲ್ಲ ಅಲ್ವಾ, ಅದಕ್ಕೇ ಅತ್ತಿಗೆಗೆ ಆ ಊರೇ ಇಷ್ಟ" ಎಂದಳು. ನೀನು ಹಾಗೆಂದು ಬರೆಯುತ್ತಿರಲಿಲ್ಲ, ನನಗೆ ಗೊತ್ತು. ಆಗ ನಾನು ಬಾಯಿಬಿಟ್ಟು ಹೇಳಬೇಕಿತ್ತು. ಕೈಯಲ್ಲಿ ಅಂಟು ಮೆತ್ತಿಕೊಂಡಿದೆ ಎಂಬ ನೆವ ಮಾಡಿ ಕೋಠಿಗೆ ಹೋದೆ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಅವಳು ತೀರಿಕೊಂಡದ್ದು ೨೦೧೫ರ ಡಿಸೆಂಬರ್ ನಾಲ್ಕಕ್ಕೆ. ಕೆಲಸ ಮುಂಚಿತವಾಗಿ ಮುಗಿಸುವ ಹೆಂಗಸು, ಹೊಸ ವರ್ಷದ ಕಾರ್ಡುಗಳನ್ನು ನವೆಂಬರಿನಲ್ಲೇ ಬರೆದಿಟ್ಟಿದ್ದಳು. ಸಾವಾದ ಮನೆಯಿಂದ ಹೊಸ ವರ್ಷದ ಕಾರ್ಡು ಹೋಗಬಾರದಲ್ಲ. ನಾನು ಸೂತಕದ ಕಾರ್ಡು ಅಚ್ಚು ಹಾಕಿಸಿ ಕಳಿಸಿದೆ. ಅವಳು ಬರೆದವು ಬುದ್ಧನ ಗೂಡಿನ ಕೆಳಗಿನ ಸೆಳೆಖಾನೆಯಲ್ಲಿ ಹಾಗೇ ಉಳಿದವು, ನೂರ ನಲವತ್ತು. ಪ್ರತಿಯೊಂದರ ಮೂಲೆಯಲ್ಲಿ ಅವಳ ಆ ಒತ್ತೊತ್ತಾದ ದುಂಡನೆಯ ಅಕ್ಷರದಲ್ಲಿ 'ವಾಕಾಬಾ ೨-೭-೧೪, ನೂಕಾಯಾ ತೈಜೋ, ಕಿನುಯೆ' ಎಂದಿದೆ. ನಮಗೆ ಮಕ್ಕಳಿಲ್ಲ. ನಾವಿಬ್ಬರೂ ಸೇರಿ ಈ ಲೋಕದಲ್ಲಿ ಒಂದು ಕಡೆ ಇದ್ದೆವು ಎನ್ನುವುದಕ್ಕೆ ನನ್ನ ಹತ್ತಿರ ಇರುವುದು ಆ ಒಂದು ಸಾಲು. ನಾನು ಮೊಹರು ಒತ್ತಿದೆನೆಂದರೆ ಆ ನೂರ ನಲವತ್ತೂ ಇಲ್ಲದ ಊರಿನಿಂದ ಬಂದವಾಗುತ್ತವೆ. ಅವಳ ಮಾತು ಅವಳಿಗೇ ತಿರುಗಿಬಂದ ಹಾಗೆ. ಹೀಗೆ ಯೋಚನೆ ಹತ್ತಿಕೊಂಡ ಮೇಲೆ ಕೈ ಮುಂದಕ್ಕೆ ಹೋಗಲಿಲ್ಲ ಅಕ್ಕಾ.

ಒತ್ತುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಹಾಗಾಗಿ ಮೊಹರು ಸಿಗುತ್ತಿಲ್ಲ ಎಂದು ಸುಳ್ಳು ಹೇಳಿದೆ. ಈ ಪೇಟೆಯಲ್ಲಿ ಸುಳ್ಳು ಹೇಳುವುದು ಬಹಳ ತ್ರಾಸದ ಕೆಲಸ. ಯಾರೂ 'ಇದು ಸುಳ್ಳು' ಎನ್ನುವುದಿಲ್ಲ, ಎಲ್ಲರೂ ಸಹಾಯಕ್ಕೆ ಬರುತ್ತಾರೆ. ಹಲ್ಲಿನ ಡಾಕ್ಟರು ತಮ್ಮ ಮೊಹರು ಚಪ್ಪಲಿಗೂಡಲ್ಲಿ ಸಿಕ್ಕಿತ್ತೆಂದು ನಮ್ಮ ಚಪ್ಪಲಿಗೂಡನ್ನು ತಾವೇ ಬಗ್ಗಿ ನೋಡಿದರು. ಐಸ್‌ಕ್ರೀಮಿನ ಹೆಂಗಸು "ಅಕ್ಕಿಡಬ್ಬಿ ನೋಡಿದ್ರಾ?" ಎಂದು ಕೇಳಿ ಅಕ್ಕಿಯೊಳಗೆ ಮೊಣಕೈವರೆಗೆ ಕೈ ತೂರಿಸಿದಳು. ಶೂಹೇ ಅಂಗಡಿಗಳಲ್ಲಿ ಸಿದ್ಧ ಮೊಹರು ಹುಡುಕಿಕೊಂಡು ಬಂದ. ಊರಿನ ಸಾಮಾನ್ಯ ಹೆಸರುಗಳೆಲ್ಲ ಇದ್ದವಂತೆ, ನೂಕಾಯಾ ಮಾತ್ರ ಇರಲಿಲ್ಲ. ನಮ್ಮ ವಂಶದ ವಿಚಿತ್ರ ಹೆಸರಿಗೆ ಅವತ್ತು ಕೈಮುಗಿದೆ. ಆಮೇಲೆ ಅವನು ದಿನಾ ಮಧ್ಯಾಹ್ನ ಒಂದು ಲೋಟ ಕಾಫಿ ತಂದು ಜಗಲಿಯ ಮೇಲಿಟ್ಟು, "ಹಿಮ ಕರಗ್ತಾ ಬಂತು ಅಲ್ವಾ ತೈಜೋ-ಸಾನ್" ಎಂದು ಹೇಳಿ ಹೋಗುತ್ತಿದ್ದ. ಇನ್ನು ಎಷ್ಟು ದಿನ ಉಳಿದಿದೆ ಎಂಬುದನ್ನು ಅಷ್ಟು ಮರ್ಯಾದೆಯಾಗಿ ಕೇಳಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಕಾಗದ ಕೊಡಲು ಕೊನೆಯ ದಿನ ಮಾರ್ಚ್ ಎಂಟು. ತಪ್ಪಿದರೆ ಮತ್ತೆ ಮೊದಲಿನಿಂದ ಮನೆ ಮನೆ ತಿರುಗಬೇಕು. ಹಳೆಯ ಹೆಸರಿನಲ್ಲಿ ಹುಟ್ಟಿದವರಲ್ಲಿ ಇಲ್ಲಿ ಉಳಿದಿರುವುದು ನಾನು, ಎದುರು ಮನೆಯ ತೊಮೆ ಅಜ್ಜಿ, ಹಾಸಿಗೆ ಹಿಡಿದಿರುವ ಇನ್ನೊಬ್ಬರು. ಮತ್ತೆ ತಿರುಗುವ ಹೊತ್ತಿಗೆ ಎಷ್ಟು ಜನ ಇರುತ್ತೇವೋ.

ಗುರುವಾರ ಮಧ್ಯಾಹ್ನ ತೊಮೆ ಅಜ್ಜಿಯೇ ಬಂದರು. ಕುಂಚದಂಗಡಿಯ ತೊಮೆ, ನಿನಗಿಂತ ಒಂಬತ್ತು ವರ್ಷ ದೊಡ್ಡವರು, ತೊಂಬತ್ತೊಂದು. ಮನೆಯಿಂದ ಹೊರಗೆ ಕಾಲಿಡದೆ ಎರಡು ತಿಂಗಳಾಗಿತ್ತು. ಕೋಲು ಊರಿಕೊಂಡು, ರಬ್ಬರ್ ಬೂಟು ಹಾಕಿಕೊಂಡು ರಸ್ತೆ ದಾಟುವುದು ಕಿಟಕಿಯಿಂದ ಕಾಣಿಸಿತು. ಓಡಿಹೋಗಿ ಕೈ ಹಿಡಿಯಹೋದರೆ ಕೋಲಿನಿಂದಲೇ ದೂರ ಸರಿಸಿದರು.

"ಬಿಡು ಬಿಡು, ನಿನ್ನ ಕೈ ನಂಬ್ಕೊಂಡ್ರೆ ಆಯ್ತು. ಒಂದು ಮೊಹರು ಎತ್ತಕ್ಕಾಗಲ್ಲ ಆ ಕೈಗೆ."

ಒಳಗೆ ಬಂದು ಬುದ್ಧನ ಗೂಡಿನ ಮುಂದೆ ಊದುಬತ್ತಿ ಹಚ್ಚಿ, ಗಂಟೆ ಬಾರಿಸಿ, ಕೈಮುಗಿದು ಹಾಗೇ ಕೂತರು. ಚಹಾ ಕೊಟ್ಟೆ. ನೀರು ಎಂದರು. ಇನ್ನಷ್ಟು ಸೊಪ್ಪು ಹಾಕಿ ಕೊಟ್ಟೆ. ಕಷಾಯ ಎಂದರು. ಆಮೇಲೆ ನನ್ನ ಕಡೆ ತಿರುಗದೆಯೇ ಮಾತು ತೆಗೆದರು.

"ಮೊಹರು ಈ ಸೆಳೆಖಾನೇಲೇ ಇರೋದು. ಕಿನುಯೆ ಅಲ್ಲೇ ಇಡ್ತಿದ್ಳು, ನಂಗೊತ್ತು. ಹುಡುಕೋ ನಾಟಕ ಸಾಕು ಮಾಡು ತೈಜೋ. ಅವಳ ಸಲುವಾಗಿ ತಾನೇ ತಡೆದಿರೋದು?"

ನಾನು ಅವರ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸತೊಡಗಿದೆ. ಅದಕ್ಕೆ ಹೌದು ಎಂದೇ ಅರ್ಥವೆಂದು ತೊಂಬತ್ತೊಂದರ ಹೆಂಗಸಿಗೆ ಹೇಳಿಕೊಡಬೇಕಾಗಿಲ್ಲ.

"ಹಂಗಾದ್ರೆ ಕೇಳು. ನಲವತ್ತೆಂಟು ವರ್ಷ ಹೊಟ್ಟೇಲಿಟ್ಕೊಂಡಿದ್ದು. ಅವಳಿಗೆ ಮಾತು ಕೊಟ್ಟಿದ್ದೆ, ಇವತ್ತು ಮುರೀತೀನಿ. ಮೇಲೆ ಹೋದ್ಮೇಲೆ ಅವಳ ಕೈಲಿ ಬೈಸ್ಕೋತೀನಿ ಬಿಡು."

ಅವರು ಹೇಳಿದ್ದು ಇಷ್ಟು. ಕಿನುಯೆ ಮದುವೆಯಾಗಿ ಬಂದ ಹತ್ತನೆಯ ದಿನ ನಮ್ಮ ಸಾಲಿನ ಸುತ್ತುಹಲಗೆ ಮನೆಗೆ ಬಂತು. ಸಂಘದ ಸೂಚನೆ ಅಂಟಿಸಿರುವ ಹಲಗೆ, ಓದಿ ಮೊಹರು ಒತ್ತಿ ಪಕ್ಕದ ಮನೆಗೆ ಕೊಡಬೇಕು, ನಮ್ಮ ಸಾಲಿನಲ್ಲಿ ಆಗ ಆ ಒಂದು ಮನೆಯಷ್ಟೇ ಬಾಕಿ ಇತ್ತು. ಅಮ್ಮ ಮಾರುಕಟ್ಟೆಗೆ ಹೋಗಿದ್ದಳು, ನಾನು ಕೋಠಿಯಲ್ಲಿ. ಹೊಸ ಸೊಸೆ ಹಲಗೆ ಹಿಡಿದು ಹೊರಗೆ ಬಂದು ನೋಡಿದಳು. ಪಕ್ಕದ ಮನೆಯ ಬಾಗಿಲು ನಮ್ಮ ಹೊಸ್ತಿಲಿನಿಂದ ಕಾಣುವುದೇ ಇಲ್ಲ, ಗೋಡೆ ಮಾತ್ರ ಕಾಣುತ್ತದೆ. ಎದುರಿಗೆ ತೊಮೆಯವರ ಬಾಗಿಲು ತೆರೆದಿತ್ತು, ಒಳಗೆ ಅವರು ಕುಂಚದ ಕೂದಲು ಬಾಚುತ್ತ ಕೂತಿದ್ದರು. ಅವಳ ಹಳ್ಳಿಯಲ್ಲಿ ಬಾಗಿಲಿಗೆ ಬಾಗಿಲು ನೋಡುವ ಮನೆಯೇ ನೆರೆಮನೆ. ನೆಟ್ಟಗೆ ರಸ್ತೆ ದಾಟಿ ಹೋಗಿ ತಲೆಬಾಗಿ ಹಲಗೆ ಕೊಟ್ಟುಬಿಟ್ಟಳು. ಗೆರೆ ಅವಳಿಗೆ ಕಂಡಿರಲಿಲ್ಲ. ಗೆರೆ ಇದೆಯೆಂದು ಯಾರೂ ಹೇಳಿಯೂ ಇರಲಿಲ್ಲ.

"ಆರು ವರ್ಷದಲ್ಲಿ ನಿಮ್ಮ ಕಡೆಯೋರು ಒಬ್ರೂ ನಮ್ಮ ಹೊಸ್ತಿಲಿಗೆ ಬಂದಿರ್ಲಿಲ್ಲ ಕಣೋ. ಈ ಹುಡುಗಿ ಬಂದು 'ದಯವಿಟ್ಟು' ಅಂತ ಎರಡು ಕೈಲಿ ಹಲಗೆ ಕೊಡ್ತಾಳೆ. ನಾನು 'ಇದು ನಮ್ಮದಲ್ಲಮ್ಮ' ಅನ್ನಬೇಕಿತ್ತು. ಬಾಯಿ ಬರ್ಲಿಲ್ಲ. ನನ್ನ ಮೊಹರು ಒತ್ತಿ ನಮ್ಮ ಪಕ್ಕದೋರಿಗೆ ದಾಟಿಸ್ಬಿಟ್ಟೆ."

ಹಲಗೆಯಲ್ಲಿದ್ದದ್ದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಸಲಿಕೆ ತನ್ನಿ, ರಸ್ತೆಯ ಹಿಮ ಕೆರೆಯಬೇಕು ಎಂಬ ಸೂಚನೆ. ನಮ್ಮ ಜನ ಹಲಗೆ ಓದುವುದಕ್ಕಿಂತ ಮೊದಲು ಮೊಹರು ಒತ್ತುತ್ತಾರೆ, ಒತ್ತಿದ ಮೇಲೆ ಬರದೆ ಇರುವುದು ಹೇಗೆ? ಎದುರು ಸಾಲಿನ ಇಪ್ಪತ್ತಾರು ಮನೆಗಳೂ ಒತ್ತಿದವು. ಆ ಭಾನುವಾರ ಅಷ್ಟೂ ಜನ ಸಲಿಕೆ ಹಿಡಿದು ಬಂದರು. ನಮ್ಮವರಿಗೆ ಅವರೇ ಸೋತು ಬಂದರೆಂದು ಸಂತೋಷ. ಅವರಿಗೆ ನಾವೇ ಕರೆದೆವಲ್ಲ ಎಂದು ಸಂತೋಷ. ಹಿಮದ ಗೋಡೆ ಒಡೆಯಿತು. ಅದಕ್ಕೆ ಕಾರಣ ಬುದ್ಧಿ ಅಲ್ಲ ಅಕ್ಕಾ, ಕಿನುಯೆ ಮಾಡಿದ ತಪ್ಪು.

ಅವಳಿಗೆ ಇದು ತಿಳಿದದ್ದು ವಾರದ ಮೇಲೆ. ತೊಮೆಯವರಲ್ಲಿಗೆ ಓಡಿ ಬಂದಳಂತೆ, ಮುಖವೆಲ್ಲ ಕೆಂಪು. "ನಮ್ಮನೆಯವ್ರಿಗೆ ಹೇಳ್ಬೇಡಿ, ಹಳ್ಳಿ ಗಮಾರಿ ಬಂದಿದಾಳೆ ಅಂತಾರೆ" ಎಂದು ಅತ್ತಳಂತೆ. ಇವರು ಮಾತು ಕೊಟ್ಟರು. ಆದರೆ ಮುಂದಿನ ತಿಂಗಳು ಹಲಗೆ ಬಂದಾಗ ನೋಡಿದರೆ ಮತ್ತೆ ರಸ್ತೆ ದಾಟಿ ಬರುತ್ತಿದ್ದಾಳೆ.

"ಮೊದಲ್ನೇ ಸಲದ್ದು ತಪ್ಪು. ಎರಡ್ನೇ ಸಲದ್ದು ಬೇಕಂತ್ಲೇ. 'ಏನೇ ಇದು?' ಅಂದ್ರೆ, 'ಒಳ್ಳೆ ಬಾಗಿಲು ಎದುರಿಗಿಟ್ಕೊಂಡು ಗೋಡೆ ಹಿಂದಿನ ಬಾಗಿಲು ಯಾಕೆ ತಟ್ಲಿ' ಅಂತಾಳೆ. ನಲವತ್ತನಾಲ್ಕು ವರ್ಷ ಹಂಗೇ ತಂದ್ಳು. ನಮ್ಮ ಹಲಗೆ ನಾನು ಇವಳಿಗೆ, ನಿಮ್ಮ ಹಲಗೆ ಇವಳು ನನಗೆ. ನೀನು ಕೋಠಿ ಒಳಗೆ ಹಿಟ್ಟು ಕಲಸ್ತಾ ಇದ್ದೆ, ನಿನಗೇನು ಗೊತ್ತು."

ನನಗೆ ಏನೂ ಗೊತ್ತಿರಲಿಲ್ಲ. ನಲವತ್ತನಾಲ್ಕು ವರ್ಷ ಒಂದೇ ಮಡಕೆಯ ಅನ್ನ ಉಂಡವನಿಗೆ ಗೊತ್ತಿರಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು ನಗಲು ಶುರುಮಾಡಿದೆ, ನಗು ಬೇರೆ ಏನೋ ಆಗಿ ನಿಂತಿತು. ತೊಮೆ ಅಜ್ಜಿ ಕಿಟಕಿಯ ಹೊರಗೆ ನೋಡುತ್ತ ಕೂತರು. ಆಮೇಲೆ ಕೋಲಿನಿಂದ ಸೆಳೆಖಾನೆಯನ್ನು ಕುಟ್ಟಿದರು.

"ವಾಕಾಬಾ ಅಂತ ಒಂದು ಊರಿತ್ತಾ ಇಲ್ಲಿ? ಕಾಗದದ ಮೇಲಿತ್ತು. ಸಕಾಯೆನೂ ಅಷ್ಟೇ. ಇವಳು ಹಲಗೆ ಹಿಡ್ಕೊಂಡು ರಸ್ತೆ ದಾಟ್ತಿದ್ಳಲ್ಲ, ಅವಾಗ ಮಾತ್ರ ಇಲ್ಲೊಂದು ಪೇಟೆ ಇತ್ತು. ಅದರ ಹೆಸರು ಅವಳಿಗೆ ಬೇಕಾಗಿರ್ಲಿಲ್ಲ, ಅಷ್ಟೇ. ನಿಮ್ಮಪ್ಪನ ಪೇಟೆಗೆ ಮೊಹರು ಹಾಕ್ಬೇಡ ಹೋಗು. ನಿನ್ನ ಹೆಂಡ್ತಿ ಪೇಟೆಗೆ ಹಾಕು. ಬೇಗ ಹಾಕು, ನನಗೆ ಕಾಲು ಜೋಮು ಹಿಡೀತಾ ಇದೆ."

ಸೆಳೆಖಾನೆ ಎಳೆದೆ. ಕಾರ್ಡುಗಳ ಕಟ್ಟು, ಅದರ ಪಕ್ಕ ಮೊಹರಿನ ಚೀಲ. ಶಾಯಿ ಒಣಗಿಹೋಗಿತ್ತು. ಮೊಹರಿನ ಮೇಲೆ ಹಾ ಎಂದು ಉಸಿರುಬಿಟ್ಟು, ಶಾಯಿಗೆ ಕುಟ್ಟಿ ಕುಟ್ಟಿ, ಕೊನೆಗೆ ಒತ್ತಿದೆ. ಕೆಂಪಗೆ, ತುಸು ಓರೆಯಾಗಿ ಬಿತ್ತು. ತೊಮೆ ಅಜ್ಜಿ ಕನ್ನಡಕ ಏರಿಸಿ ನೋಡಿ, "ಸೊಟ್ಟ" ಎಂದರು. "ಇರ್ಲಿ. ನೇರ ಇದ್ದಿದ್ರೆ ನಿನ್ನದಲ್ಲ ಅಂತ ಅನುಮಾನ ಬರ್ತಿತ್ತು."

ಅವರನ್ನು ರಸ್ತೆ ದಾಟಿಸಿ (ಈ ಸಲ ಕೈ ಹಿಡಿಯಲು ಬಿಟ್ಟರು) ಕೋಠಿಗೆ ಹೋದೆ. ಶೂಹೇ ಇಬ್ಬರು ಗಿರಾಕಿಗಳಿಗೆ ಕಾಫಿ ಸುರಿಯುತ್ತಿದ್ದ. ಕಾಗದ ನೋಡಿದವನು ಸುರಿಯುವುದನ್ನು ನಿಲ್ಲಿಸಲಿಲ್ಲ, ಬಟ್ಟಲು ತುಂಬಿ ಮೇಜಿನ ಮೇಲೆಲ್ಲ ಹರಿಯಿತು. "ಮೊಹರು ಸಿಕ್ತಾ ತೈಜೋ-ಸಾನ್?" ಎಂದ. "ಸಿಕ್ತು" ಎಂದೆ. "ಎಲ್ಲಿತ್ತು?" "ಇದ್ದ ಕಡೆಯೇ ಇತ್ತು." ಅವನು ಮೇಜು ಒರೆಸಿದ. ಅಡಿಗೆಮನೆಯ ಕಡೆ ತಿರುಗಿ ತುಂಬಾ ಹೊತ್ತು ಒಂದೇ ಲೋಟ ತೊಳೆದ. ಗಿರಾಕಿ ಹುಡುಗಿಯರು ಏನೋ ಶುಭವಾಗಿದೆ ಎಂದುಕೊಂಡು ಚಪ್ಪಾಳೆ ತಟ್ಟಿದರು, ಯಾಕೆಂದು ಅವರಿಗೂ ಗೊತ್ತಿಲ್ಲ.

ಆ ಕಾರ್ಡುಗಳ ವಿಚಾರ ಈಗ ನನ್ನನ್ನು ಕಾಡುತ್ತಿಲ್ಲ. ನವೆಂಬರಿನಿಂದ ಅವುಗಳ ಮೇಲಿನ ವಿಳಾಸ ಹಳೆಯದಾಗುತ್ತದೆ, ಅಷ್ಟೆ. ಹಳೆಯದಾಗುವುದೇನು ಅವಮಾನವಲ್ಲ, ನನ್ನನ್ನೂ ನಿನ್ನನ್ನೂ ನೋಡು. ಗುರುವಾರದಿಂದ ಊಟ ರುಚಿಸುತ್ತಿದೆ, ನಿದ್ದೆ ಬರುತ್ತಿದೆ. ಇವತ್ತು ಬೆಳಿಗ್ಗೆ ತೋಟಗಾರರು ಬಂದು ಹಿಮದ ಭಾರಕ್ಕೆ ಮುರಿಯದಂತೆ ಮರಗಳಿಗೆ ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದಾರೆ, ಕೊಂಬೆಗಳು ಒಂದೊಂದಾಗಿ ತಮ್ಮಷ್ಟಕ್ಕೆ ಹರಡಿಕೊಳ್ಳುತ್ತಿವೆ. ಸಿಂಹದ ತಲೆಯನ್ನು ಕೆಳಗಿಳಿಸಿ ಧೂಳು ಹೊಡೆಯಬೇಕೆಂದು ಶೂಹೇ ಹೇಳಿ ಹೋದ. ಇಲಿ ಒಂದು ಕಿವಿ ತಿಂದಿದೆ.

ನಿನ್ನ ಮಗನಿಗೂ ಸೊಸೆಗೂ ನನ್ನ ನೆನಪು ಹೇಳು. ಮಾತ್ರೆ ಬಿಡಬೇಡ. ಮಂಡಿಗೆ ಬಿಸಿ ಕಾಯಿಸಿಕೋ. ದೊಡ್ಡವಳು ನೀನು, ನಾನು ಹರಸುವ ಹಾಗಿಲ್ಲ. ಬುದ್ಧನ ಗೂಡಿನ ಮುಂದೆ ಕೂತಾಗ ನಿನ್ನ ಹೆಸರನ್ನೂ ಸೇರಿಸಿಕೊಳ್ಳುತ್ತೇನೆ, ಅಷ್ಟು ಮಾಡಬಹುದು.

ನಿನ್ನ ತಮ್ಮ,
ತೈಜೋ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಹದಿನೇಳು ದಿನ ತಡೆದದ್ದರಲ್ಲಿ ಅರ್ಧ ಕಿನುಯೆಗಾಗಿ, ಅರ್ಧ ನಿನ್ನ ಮೇಲಿನ ಸಿಟ್ಟಿಗೆ. ಅವಳನ್ನು ಸುಡುವ ದಿನ ನೀನು ಬರಲಿಲ್ಲ. ಬಿರುಗಾಳಿ, ವಿಮಾನ ಇರಲಿಲ್ಲ ಎಂದು ಫೋನಿನಲ್ಲಿ ಹೇಳಿದೆ. ನಾನು ಹೂಂ ಎಂದು, ಮೂರು ವರ್ಷ ನಂಬದೆ ಇದ್ದೆ. ಅವಳನ್ನು ನೀನು ಈ ಮನೆಯವಳೆಂದು ಎಣಿಸಲಿಲ್ಲ ಎಂದುಕೊಂಡಿದ್ದೆ. ನಿನಗೆ ಇಷ್ಟವಾದ ಹೆಸರು ನಿನಗೆ ಸಿ‌ಗದಿರಲಿ ಎಂಬಷ್ಟು ಸಣ್ಣತನ ಬಂದಿತ್ತು. ಅದೀಗ ಹೋಯಿತು, ಎಲ್ಲಿಗೆ ಹೋಯಿತೋ. ಬಿರುಗಾಳಿ ಇತ್ತು, ಒಪ್ಪಿದೆ. ನವೆಂಬರಿಗೆ ಕಾಯಬೇಡ, ಮಂಡಿ ಕೇಳಿದರೆ ಏಪ್ರಿಲಿನಲ್ಲೇ ಬಾ. ನಿಮ್ಮ ಕಡೆಯ ಚಿತೋಸೆಯಿಂದ ನಮ್ಮ ಕಡೆಯ ಕೊಮಾತ್ಸುಗೆ ನೇರ ವಿಮಾನವಿದೆ, ಶೂಹೇ ಗಾಡಿ ತರುತ್ತಾನೆ. ಬಂದು ಕಿನುಯೆಯ ಮುಂದೆ ಒಂದು ಊದುಬತ್ತಿ ಹಚ್ಚು. ಅವಳ ಹತ್ತಿರ ನೀನು ಏನು ಹೇಳುತ್ತೀಯೋ ನಾನು ಕೇಳಿಸಿಕೊಳ್ಳಬೇಕಾಗಿಲ್ಲ. ಆ ಹೊತ್ತಿಗೆ ಮೀನು ತರುವ ನೆವ ಮಾಡಿ ನಾನು ಮಾರುಕಟ್ಟೆಗೆ ಹೋಗಿರುತ್ತೇನೆ, ನಿಧಾನವಾಗಿ ಬರುತ್ತೇನೆ.